ಕಣ್ಣಿನ ಕೆಳಗಿನ ಲಾಟೀನು ಯಾರದ್ದು?

ಪ್ರಶ್ನೆ: ನಮಸ್ಕಾರ ಸರ್. ನಾನು ಬೆಂಗಳೂರಿನವನು, ನೇತ್ರಾಣಿಯಲ್ಲಿ ಡೈವಿಂಗ್ ಕಲಿತವನು. ಕಳೆದ ವರ್ಷ ಇಂಡೋನೇಷ್ಯಾದ ಬಾಂದಾ ದ್ವೀಪಗಳಿಗೆ ಹೋಗಿದ್ದಾಗ ಅಮಾವಾಸ್ಯೆಯ ರಾತ್ರಿ ನೀರಿಗಿಳಿದೆವು. ಟಾರ್ಚ್ ಆರಿಸಿದ ಮೇಲೆ ಬಂಡೆ ಸಂದಿಯಿಂದ ನೂರಾರು ನೀಲಿ-ಹಸಿರು ಚುಕ್ಕಿಗಳು ಮಿಟುಕುತ್ತಾ ಹೊರಬಂದವು. ಗೈಡ್ ಅದಕ್ಕೆ ‘ಲ್ಯಾಂಟರ್ನ್ ಫಿಶ್’ ಅಂದ. ಈಗ ಇಲ್ಲಿನ ಅಕ್ವೇರಿಯಂ ಅಂಗಡಿಯೊಬ್ಬರು ಅದೇ ಮೀನಿನ ಜೋಡಿ ತರಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಬೆಕ್ಕಿನ ಕಣ್ಣಿನ ಹಾಗೆ ಅದರ ಕಣ್ಣು ಹೊಳೆಯುತ್ತದಂತೆ, ಸಾಯುವ ತನಕ ಆರುವುದಿಲ್ಲವಂತೆ. ನನ್ನ ಹತ್ತಿರ ಹವಳ ಬೆಳೆಸಿರುವ ನಾಲ್ಕಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಓದಿ ನೋಡಿದರೆ ಬೆಳಕು ಮೀನಿನದ್ದಲ್ಲ, ಬ್ಯಾಕ್ಟೀರಿಯಾದ್ದು ಎಂದಿದೆ. ನನ್ನ ಹೆಂಡತಿ ಮಲ್ಪೆಯವಳು. ‘ಒಮ್ಮೆ ಫ್ರಿಜ್ಜಿನಲ್ಲಿಟ್ಟ ಬಂಗುಡೆ ಕತ್ತಲಲ್ಲಿ ಹೊಳೆಯಿತು ಅಂತ ಅಮ್ಮ ಎಸೆದಿದ್ದರು. ಅಂಥದ್ದನ್ನು ದುಡ್ಡು ಕೊಟ್ಟು ಮನೆಗೆ ತರ್ತೀರಾ?’ ಅಂತಾಳೆ. ಮಕ್ಕಳು ಬೇರೆ ಟ್ಯಾಂಕಿಗೆ ಕೈ ಹಾಕುತ್ತಾರೆ. ಇದು ಯಾವ ಮೀನು? ಬೆಳಕು ನಿಜವಾಗಿ ಎಲ್ಲಿಂದ? ತರಬಹುದೇ?

ಉತ್ತರ: ಮೊದಲು ನಿಮ್ಮ ಮನೆಯವರಿಗೆ ಒಂದು ಮಾತು. ಬಂಗುಡೆ ಹೊಳೆದದ್ದು ಭ್ರಮೆಯಲ್ಲ. ಸಮುದ್ರದಲ್ಲಿ ಬೆಳಕು ಕೊಡುವ ಬ್ಯಾಕ್ಟೀರಿಯಾ ಎಲ್ಲ ಕಡೆ ಇವೆ. ಅವುಗಳಲ್ಲಿ ಕೆಲವಕ್ಕೆ ಫ್ರಿಜ್ಜಿನ ತಣ್ಣನೆಯ ಜಾಗವೂ ಹಿಡಿಸುತ್ತದೆ. ಸತ್ತ ಮೀನಿನ ಮೈಮೇಲೆ ಅವು ಸಾಕಷ್ಟು ಬೆಳೆದರೆ ಕತ್ತಲಲ್ಲಿ ಮಂಕು ಬೆಳಕು ಕಾಣುತ್ತದೆ. ಹೊಳಪೇ ವಿಷ ಅಂತ ಅರ್ಥವಲ್ಲ. ಆದರೆ ಮೀನಿನ ಮೇಲೆ ಬ್ಯಾಕ್ಟೀರಿಯಾ ಜಾಸ್ತಿಯಾಗಿದೆ, ಎಲ್ಲೋ ಐಸು ಕಡಿಮೆಯಾಗಿದೆ ಅಥವಾ ದಿನ ಜಾಸ್ತಿಯಾಗಿದೆ ಅಂತಂತೂ ಅರ್ಥ. ಅಮ್ಮ ಎಸೆದದ್ದು ಸರಿಯೇ.

ಮಲ್ಪೆಯವರಾದ್ದರಿಂದ ಅವರು ರಾತ್ರಿ ಅಲೆ ಒಡೆಯುವಾಗ ನೀಲಿಯಾಗಿ ಹೊಳೆಯುವುದನ್ನೂ ನೋಡಿರಬಹುದು. ಅದು ಮತ್ತೆ ಬೇರೆ. ಅಲ್ಲಿ ಬ್ಯಾಕ್ಟೀರಿಯಾ ಅಲ್ಲ, ನಾಕ್ಟಿಲೂಕಾ ಎಂಬ ಒಂದೇ ಕೋಶದ ಜೀವಿ. ನೀರು ಅಲುಗಿದರೆ ಮಾತ್ರ ಅದು ಮಿಂಚುತ್ತದೆ. ನೀವು ಬಾಂದಾದಲ್ಲಿ ನೋಡಿದ್ದು ಈ ಎರಡೂ ಅಲ್ಲ. ಅಲ್ಲಿ ಬ್ಯಾಕ್ಟೀರಿಯಾ ಇದೆ, ಆದರೆ ಅದು ಮೀನನ್ನು ಕೊಳೆಸಲು ಬಂದದ್ದಲ್ಲ. ಮೀನೇ ಅದಕ್ಕೆ ಮನೆ ಕಟ್ಟಿಕೊಟ್ಟು, ಊಟ ಹಾಕಿ, ಗಾಳಿ ಕೊಟ್ಟು ಇಟ್ಟುಕೊಂಡಿದೆ.

ಇನ್ನು ಹೆಸರಿನ ವಿಚಾರ. ಈ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಮೀನು ಓದಿದವರು ಲ್ಯಾಂಟರ್ನ್ ಫಿಶ್ ಅನ್ನುವುದು ಮಿಕ್ಟೋಫಿಡೇ ಎಂಬ ಕುಟುಂಬಕ್ಕೆ. ಅವು ತೆರೆದ ಸಮುದ್ರದ ಆಳದಲ್ಲಿರುವ ಬೆರಳುದ್ದದ ಮೀನುಗಳು, ನಮ್ಮ ಅರಬ್ಬಿ ಸಮುದ್ರದಲ್ಲಿ ರಾಶಿ ರಾಶಿ ಇವೆ. ಅವು ಬೆಳಕಿನ ರಾಸಾಯನಿಕ ಕೆಲಸವನ್ನು ತಮ್ಮ ಕೋಶದಲ್ಲೇ ಮಾಡುತ್ತವೆ, ಬಾಡಿಗೆದಾರರಿಲ್ಲ. ನೀವು ನೋಡಿದ್ದು ಅನೊಮಲೊಪಿಡೇ ಕುಟುಂಬದ ಮೀನು, ಇಂಗ್ಲಿಷಿನಲ್ಲಿ ಫ್ಲ್ಯಾಶ್‌ಲೈಟ್ ಫಿಶ್. ಎರಡಕ್ಕೂ ನೆಂಟಸ್ತಿಕೆ ಇಲ್ಲವೆಂದೇ ಹೇಳಬಹುದು. ತಲೆಯ ಮುಂದೆ ಗಾಳದ ಕಡ್ಡಿ ನೇತುಹಾಕಿಕೊಂಡ ಆಳಸಮುದ್ರದ ಆಂಗ್ಲರ್ ಮೀನಿಗೂ ಇದು ದಾಯಾದಿಯಲ್ಲ. ಅದರ ಬೆಳಕೂ ಬ್ಯಾಕ್ಟೀರಿಯಾದ್ದೇ, ನಿಜ. ಆದರೆ ಮೀನಿನ ವಂಶಗಳಲ್ಲಿ ಈ ಏರ್ಪಾಟು ಬೇರೆ ಬೇರೆ ಸಲ, ಬೇರೆ ಬೇರೆ ಕಡೆ ಹುಟ್ಟಿದೆ.

ಬೆಕ್ಕಿನ ಕಣ್ಣಿನ ಕಥೆ ಪೂರ್ತಿ ತಪ್ಪು. ಬೆಕ್ಕಿನ ಕಣ್ಣು ನಾವು ಬಿಟ್ಟ ಬೆಳಕನ್ನೇ ತಿರುಗಿಸಿ ಕಳಿಸುತ್ತದೆ. ಪೂರ್ತಿ ಕತ್ತಲಲ್ಲಿ ಅದು ಹೊಳೆಯುವುದಿಲ್ಲ. ಈ ಮೀನಿನ ದೀಪ ಕಣ್ಣೇ ಅಲ್ಲ. ಕಣ್ಣಿನ ಕೆಳಗೆ ಅವರೆಕಾಳಿನ ಆಕಾರದ ಒಂದು ಅಂಗವಿದೆ, ಹೊಳೆಯುವುದು ಅದು. ಸ್ಪಿರಿಟ್ ಬಾಟಲಿಯಲ್ಲಿಟ್ಟ ಮೀನನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಬಹುತೇಕ ಎಲ್ಲರೂ ‘ಸರ್, ರೆಪ್ಪೆ ಊದಿಕೊಂಡಿದೆ’ ಅನ್ನುತ್ತಾರೆ. ಅವರನ್ನು ನೋಡಿ ನಾನು ನಗುವುದಿಲ್ಲ. 1781ರಲ್ಲಿ ಡಚ್ ವಿಜ್ಞಾನಿ ಬೊಡ್ಡಾರ್ಟ್ ಈ ಗುಂಪಿನ ಮೊದಲ ಮೀನಿಗೆ ಹೆಸರಿಟ್ಟಾಗ ಪಾಲ್ಪೆಬ್ರಾಟಸ್ ಅಂತಲೇ ಇಟ್ಟ. ಹಾಗೆಂದರೆ ‘ರೆಪ್ಪೆಯುಳ್ಳದ್ದು’. ಹೆಸರಿನಲ್ಲಿ ರೆಪ್ಪೆ ಇದೆ, ಬೆಳಕಿಲ್ಲ. ಸತ್ತ ಮೀನಿನಲ್ಲಿ ಬೆಳಕು ಎಲ್ಲಿಂದ ಕಾಣಬೇಕು?

ಈ ಅವರೆಕಾಳನ್ನು ಸ್ವಲ್ಪ ಬಿಡಿಸಿ ನೋಡೋಣ. ನಿಮ್ಮ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅದರೊಳಗೇ ಇದೆ. ಹೊರಮುಖ ಕೆನೆಬಣ್ಣ. ಒಳಗೆ ಒತ್ತೊತ್ತಾಗಿ ಜೋಡಿಸಿದ ಸಣ್ಣ ಕೊಳವೆಗಳು, ಅದರ ತುಂಬ ಬ್ಯಾಕ್ಟೀರಿಯಾ. ಕೊಳವೆಗಳ ನಡುವೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೆಣೆದುಕೊಂಡಿವೆ. ಇವು ಸುಮ್ನೆ ಅಲ್ಲ. ಬ್ಯಾಕ್ಟೀರಿಯಾದ ಬೆಳಕಿಗೆ ಆಮ್ಲಜನಕ ಬೇಕೇ ಬೇಕು. 17ನೇ ಶತಮಾನದಲ್ಲೇ ರಾಬರ್ಟ್ ಬಾಯ್ಲ್ ಕೊಳೆತ ಮರದ ಹೊಳಪನ್ನು ಗಾಳಿ ತೆಗೆದ ಪಾತ್ರೆಯಲ್ಲಿಟ್ಟು, ಗಾಳಿ ಹೋದರೆ ಹೊಳಪೂ ಹೋಗುತ್ತದೆ ಅಂತ ತೋರಿಸಿದ್ದ. ಮೀನು ರಕ್ತದ ಮೂಲಕ ಆಮ್ಲಜನಕವನ್ನೂ ಆಹಾರವನ್ನೂ ಒಟ್ಟಿಗೇ ಒದಗಿಸುತ್ತದೆ. ಕೊಳವೆಗಳಿಗೆ ಹೊರಗಡೆ ಸಣ್ಣ ರಂಧ್ರಗಳಿವೆ. ಜಾಸ್ತಿಯಾದ ಬ್ಯಾಕ್ಟೀರಿಯಾ ಅಲ್ಲಿಂದ ಸಮುದ್ರಕ್ಕೆ ಸೋರುತ್ತದೆ.

ಅಂಗದ ಹಿಂದೆ ಗ್ವಾನಿನ್ ಹರಳುಗಳ ಪದರ. ಮೀನಿನ ಹುರುಪೆಗೆ ಬೆಳ್ಳಿಯ ಹೊಳಪು ಕೊಡುವುದೂ ಇದೇ ವಸ್ತು. ಇಲ್ಲಿ ಅದು ಲಾಟೀನಿನ ಹಿಂದೆ ಕನ್ನಡಿ ಇಟ್ಟ ಹಾಗೆ ಬೆಳಕನ್ನೆಲ್ಲ ಹೊರಕ್ಕೆ ತಳ್ಳುತ್ತದೆ. ಅದರ ಹಿಂದೆ ಮಸಿ ಬಳಿದಂಥ ಕಪ್ಪು ಪದರ. ತನ್ನ ದೀಪದ ಬೆಳಕು ತನ್ನ ಕಣ್ಣಿಗೇ ಹೊಡೆದರೆ ಮೀನಿಗೆ ಏನೂ ಕಾಣುವುದಿಲ್ಲವಲ್ಲ, ಅದಕ್ಕೆ ಈ ತಡೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದನ್ನು ನಾವು ಕೊರತೆಯಾಗಿ ಹೇಳುತ್ತೇವೆ. ಈ ಮೀನಿಗೆ ಆ ಕತ್ತಲೆಯೇ ಉಪಕಾರಿ.

ಒಂದು ತೊಡಕಿದೆ. ಬ್ಯಾಕ್ಟೀರಿಯಾಗೆ ಸ್ವಿಚ್ ಇಲ್ಲ. ಊಟ, ಗಾಳಿ ಇರುವ ತನಕ ಹಗಲು ರಾತ್ರಿ ಉರಿಯುತ್ತಲೇ ಇರುತ್ತದೆ. ಕತ್ತಲ ಸಮುದ್ರದಲ್ಲಿ ಸದಾ ದೀಪ ಹೊತ್ತು ತಿರುಗುವುದು ‘ಬಾ, ನನ್ನನ್ನು ತಿನ್ನು’ ಅಂದ ಹಾಗೆ. ಆದ್ದರಿಂದ ಮೀನು ದೀಪವನ್ನು ಆರಿಸುವುದಿಲ್ಲ, ಮುಚ್ಚುತ್ತದೆ. ಹೇಗೆ ಮುಚ್ಚುತ್ತದೆ ಎಂಬುದನ್ನು ನೋಡಿಯೇ ಮೀನು ಓದಿದ ನಮ್ಮವರು ಈ ಕುಟುಂಬದ ಒಳಗಿನ ನೆಂಟಸ್ತಿಕೆಯನ್ನು ಓದುತ್ತಾರೆ.

ಎರಡು ಉಪಾಯಗಳಿವೆ. ಫೋಟೋಬ್ಲೆಫರಾನ್ ಎಂಬ ಕುಲದಲ್ಲಿ ಅಂಗದ ಕೆಳಗಿನಿಂದ ಕಪ್ಪು ಚರ್ಮದ ಮಡಿಕೆಯೊಂದು ಮೇಲೇರಿ ದೀಪವನ್ನು ಮುಚ್ಚುತ್ತದೆ. ಅಂಗಡಿಯ ಶಟರ್ ಥರ, ಆದರೆ ಇದು ಕೆಳಗಿನಿಂದ ಮೇಲಕ್ಕೆ. ಅನೊಮಲೊಪ್ಸ್ ಎಂಬ ಕುಲದ್ದು ಇನ್ನೂ ವಿಚಿತ್ರ. ಅಂಗ ಮುಂದಿನ ತುದಿಯಲ್ಲಿ ಮಾತ್ರ ಮೆದುಮೂಳೆಯ ಕಡ್ಡಿಯಿಂದ ತಲೆಗೆ ಅಂಟಿಕೊಂಡಿರುತ್ತದೆ, ಉಳಿದದ್ದು ಸಡಿಲ. ಮೀನು ಅದನ್ನು ಕೆಳಮುಖವಾಗಿ ಹೊರಳಿಸಿ ಕಣ್ಣಿನ ಕೆಳಗಿನ ಗುಂಡಿಯೊಳಕ್ಕೆ ತಿರುಗಿಸುತ್ತದೆ. ಉರಿಯುವ ಮುಖ ಒಳಗೆ, ಕಪ್ಪು ಬೆನ್ನು ಹೊರಗೆ. ನೀವು ಟಾರ್ಚನ್ನು ಎದೆಗೆ ಒತ್ತಿ ಹಿಡಿದು ಬೆಳಕು ಮರೆಮಾಡುತ್ತೀರಲ್ಲ, ಹಾಗೆ.

1988ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬ್ಲಾಟ್ ಎಂಬ ಮೀನು ತಜ್ಞರು ಈ ಸಣ್ಣ ಸ್ನಾಯು, ಕಡ್ಡಿ, ಮಡಿಕೆಗಳನ್ನೆಲ್ಲ ಕೊಯ್ದು ಹೋಲಿಸಿದರು. ಕೆರಿಬಿಯನ್ ಸಮುದ್ರದ ಕ್ರಿಪ್ಟೊಫನಾರಾನ್‌ನಲ್ಲಿ ಶಟರ್ರೂ ಇದೆ, ಹೊರಳುವಿಕೆಯೂ ಇದೆ. ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಸಿಗುವ ಇನ್ನೊಂದು ಮೀನಿನಲ್ಲೂ ಹಾಗೆಯೇ. ಆ ಮೀನನ್ನು 1976ರಲ್ಲಿ ಕ್ರಿಪ್ಟೊಫನಾರಾನ್ ಕುಲಕ್ಕೇ ಸೇರಿಸಿದ್ದರು. ಇವರು ಅದನ್ನು ಬೇರೆ ಮಾಡಿ ಫ್ಥನೊಫನೆರಾನ್ ಎಂಬ ಹೊಸ ಕುಲ ಕೊಟ್ಟರು. ಅಂದರೆ ಎರಡೂ ಉಪಾಯ ಇರುವ ಮೀನುಗಳೂ ಇವೆ, ಒಂದನ್ನು ಬೆಳೆಸಿ ಇನ್ನೊಂದನ್ನು ಬಹುಮಟ್ಟಿಗೆ ಕೈಬಿಟ್ಟ ಮೀನುಗಳೂ ಇವೆ. ಅನೊಮಲೊಪ್ಸ್‌ನಲ್ಲಿ ಶಟರ್ ಕುರುಹಿನಷ್ಟು ಮಾತ್ರ ಉಳಿದಿದೆ. ನನ್ನ ಮಟ್ಟಿಗೆ ಮೀನಿನ ಅಂಗರಚನೆಯಲ್ಲಿ ಇಷ್ಟು ಚೆಂದದ ಪಾಠ ಬೇರೆ ಕಡಿಮೆ.

ಈಗ ಕುಟುಂಬದಲ್ಲಿ ಆರು ಕುಲ, ಒಂಬತ್ತು ಪ್ರಭೇದ. ಎಲ್ಲದರ ಹೆಸರು ಹೇಳಿ ಬೇಸರ ತರಿಸುವುದಿಲ್ಲ. ಕೆಲವು ಎಷ್ಟು ಅಪರೂಪ ಎಂದರೆ, 1926ರಲ್ಲಿ ಜಮೈಕಾದ ಒಂದೇ ಒಂದು ಮೀನನ್ನು ನೋಡಿ ಹೆಸರಿಟ್ಟ ಕ್ರಿಪ್ಟೊಫನಾರಾನ್ ಆಲ್ಫ್ರೆಡಿ ಮತ್ತೆ ಸರಿಯಾಗಿ ಕೈಗೆ ಸಿಕ್ಕಿದ್ದು 1970ರ ದಶಕದ ಕೊನೆಯಲ್ಲಿ. ತೈವಾನ್‌ನಿಂದ ಹೊಸ ಪ್ರಭೇದವೊಂದು ವಿವರಣೆಗೆ ಬಂದದ್ದು 2012ರಲ್ಲಿ. ಮೇಲಿನ ಹಂತದಲ್ಲಿ ಹಳೆಯ ಪುಸ್ತಕಗಳು ಈ ಕುಟುಂಬವನ್ನು ಬೆರಿಸಿಫಾರ್ಮಿಸ್ ಗಣಕ್ಕೆ ಸೇರಿಸುತ್ತವೆ. ಅಂಗಡಿಗಳಲ್ಲಿ ಸಿಗುವ ಕೆಂಪು ಸೋಲ್ಜರ್ ಮೀನನ್ನೂ ಅಲ್ಲೇ ಇಡುತ್ತಿದ್ದರು. ಈಚಿನ ಕೆಲವು ವರ್ಗೀಕರಣಗಳಲ್ಲಿ ಇದು ಟ್ರಾಕಿಕ್ತಿಫಾರ್ಮಿಸ್. ಎರಡು ಕಡೆ ಎರಡು ಹೆಸರು ಕಂಡರೆ ಗಾಬರಿ ಬೇಡ, ಮೀನು ಅದೇ. ಹತ್ತಿರದ ನೆಂಟರಲ್ಲಿ ಅನಾನಸ್ ಸಿಪ್ಪೆಯಂಥ ಹುರುಪೆಯ ಪೈನ್‌ಕೋನ್ ಮೀನು ಒಂದು. ಅದಕ್ಕೂ ಕೆಳದವಡೆಯಲ್ಲಿ ಬ್ಯಾಕ್ಟೀರಿಯಾದ ದೀಪವಿದೆ, ಆದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ.

ನೀವು ನೋಡಿದ್ದು ಯಾವುದು? ನೂರಾರು ಒಟ್ಟಿಗೆ, ಪಟಪಟ ಮಿಟುಕುತ್ತಾ ಹೊರಬಂದವು ಅಂದಿರಿ. ಹಾಗಾದರೆ ಅದು ಅನೊಮಲೊಪ್ಸ್ ಕಟೊಪ್ಟ್ರಾನ್. ಗುಂಪು ಕಟ್ಟಿಕೊಂಡು ಓಡಾಡುವುದು ಅದರ ಅಭ್ಯಾಸ. ಫೋಟೋಬ್ಲೆಫರಾನ್ ಆದರೆ ಒಂಟಿಯಾಗಿಯೋ ಜೋಡಿಯಾಗಿಯೋ ತನ್ನ ಗುಹೆಯ ಸುತ್ತ ಇರುತ್ತದೆ, ದೀಪ ಹೆಚ್ಚು ಹೊತ್ತು ಉರಿದೇ ಇರುತ್ತದೆ. ಬಾಂದಾದಲ್ಲಿ ಎರಡೂ ಇವೆ. 1920ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ನ್ಯೂಟನ್ ಹಾರ್ವೆ ಈ ಎರಡನ್ನೂ ಕುರಿತು ಬರೆದು, ಬೆಳಕು ಬ್ಯಾಕ್ಟೀರಿಯಾದ್ದು ಎಂದು ವಾದಿಸಿದ್ದು ಅಲ್ಲಿನ ಮೀನುಗಳನ್ನು ನೋಡಿಯೇ. ಅಲ್ಲಿನ ಮೀನುಗಾರರು ಅದಕ್ಕೂ ಮೊದಲೇ ಆ ಅಂಗವನ್ನು ಕಿತ್ತು ಗಾಳಕ್ಕೆ ಸಿಕ್ಕಿಸುತ್ತಿದ್ದರು. ಕಿತ್ತ ಮೇಲೂ ಅದು ಗಂಟೆಗಟ್ಟಲೆ ಉರಿಯುತ್ತದೆ.

ಮಿಟುಕುವುದು ಯಾಕೆ ಅಂತಲೂ ಕೇಳಬೇಕು ಅನ್ನಿಸಿರಬಹುದು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಿನ್ನಲು ಏನೂ ಇಲ್ಲದಾಗ ಅನೊಮಲೊಪ್ಸ್ ನಿಮಿಷಕ್ಕೆ ಸುಮಾರು 90 ಸಲ ಮಿಟುಕಿಸುತ್ತಿತ್ತು. ನೀರಿಗೆ ಸಣ್ಣ ಆಹಾರ ಜೀವಿಗಳನ್ನು ಬಿಟ್ಟ ಕೂಡಲೇ ಮಿಟುಕುವುದು ಬಿಟ್ಟು ದೀಪವನ್ನು ಹೆಚ್ಚು ಹೊತ್ತು ತೆರೆದಿಟ್ಟಿತು. ನಾವು ಕತ್ತಲಲ್ಲಿ ಬಿದ್ದ ಕೀಲಿಕೈ ಹುಡುಕುವಾಗ ಟಾರ್ಚ್ ಆರಿಸುತ್ತೇವಾ? ಹಾಗೆ. ಗುಂಪು ಚದುರದಂತೆ ಇರಿಸುವುದೂ ಈ ಮಿಟುಕೇ. ಸಾಲೊಮನ್ ದ್ವೀಪಗಳಲ್ಲಿ ಚಿತ್ರೀಕರಿಸಿ 2019ರಲ್ಲಿ ಅದನ್ನು ತೋರಿಸಿದ್ದಾರೆ. ಬೇಟೆಗಾರ ಮೀನು ಬಂದರೆ ಬೆಳಕು ತೋರಿಸಿ, ತಟ್ಟನೆ ಮುಚ್ಚಿ, ಕತ್ತಲಲ್ಲಿ ಬೇರೆ ದಿಕ್ಕಿಗೆ ಜಾರಿಕೊಳ್ಳುವ ಚಾಲಾಕಿಯನ್ನು 1970ರ ದಶಕದಲ್ಲೇ ಕೆಂಪು ಸಮುದ್ರದ ಫೋಟೋಬ್ಲೆಫರಾನ್‌ನಲ್ಲಿ ಗುರುತಿಸಿದ್ದರು.

ಈಗ ಅಂಗಡಿಯವರ ‘ಸಾಯುವ ತನಕ ಆರುವುದಿಲ್ಲ’ ಎಂಬ ಮಾತಿಗೆ ಬರುತ್ತೇನೆ. ನಿಮ್ಮ ದುಡ್ಡು ಹೋಗುವುದು ಇಲ್ಲೇ.

ಈ ಬ್ಯಾಕ್ಟೀರಿಯಾದ ಹೆಸರು ಫೋಟೋಡೆಸ್ಮಸ್. ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗಿಲ್ಲ. ಕಾರಣ ಅದರ ವಂಶವಾಹಿಯಲ್ಲಿದೆ. ಸ್ವತಂತ್ರವಾಗಿ ಬದುಕಬಲ್ಲ ನೆಂಟ ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಇದರ ಜೀನೋಮ್ ಸುಮಾರು ಶೇ 80ರಷ್ಟು ಕುಗ್ಗಿದೆ. ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳನ್ನು ಸ್ವತಃ ತಯಾರಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿದೆ. ತಲೆಮಾರುಗಟ್ಟಲೆ ಮಾವನ ಮನೆಯಲ್ಲಿ ಕೂತು ಉಂಡ ಅಳಿಯನ ಹಾಗೆ, ಅಡುಗೆ ಮರೆತುಹೋಗಿದೆ. ಉಳಿಸಿಕೊಂಡದ್ದು ಬೆಳಕಿನ ಜೀನ್‌ಗಳು, ಜೊತೆಗೆ ಈಜುವ ಶಕ್ತಿ. ಈಜು ಯಾಕೆ ಬೇಕೆಂದರೆ ಹೊಸ ಮರಿಮೀನಿಗೆ ಇದು ಮೊಟ್ಟೆಯ ಮೂಲಕ ಬರುವುದಲ್ಲ, ನೀರಿನಿಂದ ಬರುತ್ತದೆ ಎಂಬ ಕಡೆಗೇ ಪುರಾವೆ ವಾಲುತ್ತದೆ.

ಇದರಿಂದ ಮಕ್ಕಳ ಬಗ್ಗೆ ನಿಮ್ಮ ಭಯಕ್ಕೆ ಉತ್ತರ ಸಿಕ್ಕಿತು. ಮೀನಿನ ಹೊರಗೆ ಬೆಳೆಯಲೇ ಒದ್ದಾಡುವ ಈ ಬ್ಯಾಕ್ಟೀರಿಯಾ ನಿಮ್ಮ ಮಕ್ಕಳ ಕೈಗೆ ಏನೂ ಮಾಡುವ ಸ್ಥಿತಿಯಲ್ಲಿಲ್ಲ. ಆದರೆ ಯಾವ ಟ್ಯಾಂಕೇ ಆಗಲಿ, ಕೈಯಲ್ಲಿ ಗಾಯವಿದ್ದಾಗ ನೀರಿಗೆ ಹಾಕಬಾರದು. ಅಕ್ವೇರಿಯಂ ನೀರಿನಲ್ಲಿರುವ ಇನ್ನೊಂದು ಬ್ಯಾಕ್ಟೀರಿಯಾ ಚರ್ಮಕ್ಕೆ ಹತ್ತಿ ತಿಂಗಳುಗಟ್ಟಲೆ ಕಾಡುವ ಗಂಟು ಬರಿಸಬಲ್ಲದು. ಅದು ದೀಪದ ಮೀನಿಗೆ ಸಂಬಂಧಪಟ್ಟದ್ದಲ್ಲ, ನಿಮ್ಮ ಈಗಿನ ಟ್ಯಾಂಕಿಗೂ ಅನ್ವಯಿಸುತ್ತದೆ.

ಕೆಟ್ಟ ಸುದ್ದಿಯೂ ಇದರಲ್ಲೇ ಇದೆ. ಮೀನು ಹಸಿದರೆ ದೀಪಕ್ಕೆ ಎಣ್ಣೆ ನಿಂತ ಹಾಗೆ. ಅನೊಮಲೊಪ್ಸ್ ಉಪವಾಸ ಬಿದ್ದು ಬೆಳಕು ಕಳೆದುಕೊಳ್ಳುವುದನ್ನು 1976ರಲ್ಲೇ ದಾಖಲಿಸಿದ್ದಾರೆ. ಬಾಂದಾದಿಂದಲೋ ಫಿಲಿಪೀನ್ಸಿನಿಂದಲೋ ಬೆಂಗಳೂರಿನ ತನಕ ಚೀಲದಲ್ಲಿ ಬರುವ ಮೀನು ದಾರಿಯುದ್ದಕ್ಕೂ ಉಪವಾಸವೇ. ಬಂದ ಮೇಲೂ ಹೆದರಿ ದಿನಗಟ್ಟಲೆ ತಿನ್ನುವುದಿಲ್ಲ. ಬ್ಯಾಕ್ಟೀರಿಯಾ ಪೂರ್ತಿ ಹೋದರೆ ತರಲು ಅಂಗಡಿಯಲ್ಲಿ ಸಿಗುವುದಿಲ್ಲ, ಬಾಟಲಿಯಲ್ಲಿ ಬೆಳೆಸಿದ್ದು ಯಾರ ಬಳಿಯೂ ಇಲ್ಲ. ಫ್ರಿಜ್ಜಿನ ಬಂಗುಡೆಯಿಂದ ಹಚ್ಚೋಣ ಅಂದರೆ ಅದು ಬೇರೆ ಜಾತಿ, ಈ ಗೂಡಿಗೆ ಆಗುವುದಿಲ್ಲ. ಆಮೇಲೆ ನಿಮ್ಮ ಬಳಿ ಉಳಿಯುವುದು ಹಗಲೆಲ್ಲ ಬಂಡೆ ಹಿಂದೆ ಅಡಗುವ ಒಂದು ಕಪ್ಪು ಮೀನು.

ನಿಮ್ಮ ಈಗಿನ ಟ್ಯಾಂಕಿಗೆ ಹಾಕುವುದಾದರೆ ನನ್ನ ಉತ್ತರ ನೇರವಾಗಿ ಬೇಡ. ಹವಳಕ್ಕೆ ದಿನಕ್ಕೆ ಎಂಟು ಹತ್ತು ಗಂಟೆ ಜೋರು ಎಲ್‌ಇಡಿ ಬೇಕು. ಈ ಮೀನು ಬೆಳದಿಂಗಳಿಗೂ ಹೆದರಿ ಗುಹೆ ಬಿಟ್ಟು ಬರದ ಪ್ರಾಣಿ. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಹಿಂಸೆ.

ಇದಕ್ಕಾಗಿಯೇ ಬೇರೆ ಟ್ಯಾಂಕ್ ಇಡುವವರಿದ್ದಾರೆ. ಕತ್ತಲ ಕೋಣೆ, ಗುಹೆಯಂತೆ ಜೋಡಿಸಿದ ಕಲ್ಲು, ಜೊತೆಗೆ ಬೇರೆ ಮೀನಿಲ್ಲ, ರಾತ್ರಿ ಹೊತ್ತು ಜೀವಂತ ಆಹಾರ. ಅನೊಮಲೊಪ್ಸ್ ಆದರೆ ಜೋಡಿ ಸಾಲದು, ಗುಂಪೇ ಬೇಕು. ಅಂಗಡಿಯವರು ‘ಜೋಡಿ’ ಅಂದಾಗಲೇ ನನಗೆ ಅನುಮಾನ ಬಂತು. ಇಷ್ಟೆಲ್ಲ ಮಾಡಿದ ದೊಡ್ಡ ಅಕ್ವೇರಿಯಂಗಳಲ್ಲಿ ಮೀನು ಚೆನ್ನಾಗಿರುವುದೂ ಉಂಟು. ಮನೆಯಲ್ಲಿ ದಿನಾ ಇಷ್ಟು ಕಷ್ಟಪಡುವವರು ಕಡಿಮೆ. ಅಂಗಡಿಗೆ ಬರುವುದು ಸಾಮಾನ್ಯವಾಗಿ ಸಮುದ್ರದಿಂದ ಹಿಡಿದ ಮೀನೇ, ಸಾಕಿ ಬೆಳೆಸಿದ್ದಲ್ಲ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆದರೂ ಮನಸ್ಸು ತಡೆಯದಿದ್ದರೆ ಮುಂಗಡ ಕೊಡುವ ಮೊದಲು ಮೀನನ್ನು ಅಂಗಡಿಯಲ್ಲೇ ನೋಡಿ. ಆಮದಿನ ಕಾಗದ ಕೇಳಿ. ಬಂದು ಎರಡು ಮೂರು ವಾರವಾದರೂ ಆಗಿರಬೇಕು, ನಿಮ್ಮ ಕಣ್ಣೆದುರು ತಿನ್ನಬೇಕು. ಆಮೇಲೆ ಅಂಗಡಿಯ ದೀಪವೆಲ್ಲ ಆರಿಸಲು ಹೇಳಿ, ಮೊಬೈಲು ಜೇಬಿಗಿಟ್ಟು ಹತ್ತು ನಿಮಿಷ ಸುಮ್ನೆ ನಿಲ್ಲಿ. ಎಡಗಡೆ, ಬಲಗಡೆ ಎರಡೂ ದೀಪ ಒಂದೇ ಸಮ ಉರಿಯಬೇಕು. ಒಂದು ಮಂಕಾಗಿದ್ದರೆ ತರಬೇಡಿ. ನೇರಳೆ ಲೈಟು ಹಾಕಿದರೆ ಮಾತ್ರ ಹೊಳೆಯುತ್ತದೆ ಅಂದರೆ ಅದು ಈ ಮೀನೇ ಅಲ್ಲ. ಜೀನ್ ಬದಲಿಸಿದ ಜೀಬ್ರಾ ಮೀನು ಹೊಳೆಯುವುದು ಹಾಗೆ. ಗಾಜಿನಂತೆ ಪಾರದರ್ಶಕವಾದ ಗ್ಲಾಸ್ ಫಿಶ್‌ಗೆ ಬಣ್ಣ ಚುಚ್ಚಿ ಅದನ್ನೂ ‘ಗ್ಲೋ’ ಅಂತ ಮಾರುವವರಿದ್ದಾರೆ. ದೀಪ ಆರಿಸಲು ಅಂಗಡಿಯವರು ಒಪ್ಪದಿದ್ದರೆ ಅಲ್ಲಿಂದ ಹೊರಡಿ.

ನನ್ನನ್ನೇ ಕೇಳಿದರೆ ಆ ದುಡ್ಡನ್ನು ಇನ್ನೊಂದು ಅಮಾವಾಸ್ಯೆಯ ಡೈವಿಗೆ ಎತ್ತಿಡುತ್ತೇನೆ. ಅಲ್ಲಿಯ ತನಕ ನಿಮ್ಮಿಬ್ಬರಿಗೂ ಒಂದು ಕೆಲಸ ಹೇಳುತ್ತೇನೆ. ಮುಂದಿನ ಸಲ ಮಲ್ಪೆಗೆ ಹೋದಾಗ ಬಂದರಿನಲ್ಲಿ ಸಿಲ್ವರ್ ಬೆಲ್ಲಿ ಅನ್ನುವ ಚಪ್ಪಟೆ ಬೆಳ್ಳಿ ಮೀನು ಒಂದೆರಡು ತನ್ನಿ. ಬಾಯಿ ಎಳೆದರೆ ಕೊಳವೆಯಂತೆ ಮುಂದೆ ಬರುತ್ತದೆ, ಹಾಗೆ ಗುರುತಿಸಬಹುದು. ಅದರ ಅನ್ನನಾಳದ ಸುತ್ತ ಉಂಗುರದಂಥ ಬೆಳಕಿನ ಅಂಗವಿದೆ. ಅದರಲ್ಲೂ ಬ್ಯಾಕ್ಟೀರಿಯಾವೇ, ಫೋಟೋಬ್ಯಾಕ್ಟೀರಿಯಂ ಎಂಬ ಕುಲದ್ದು. ಈ ಕುಲದ ಒಂದು ಬ್ಯಾಕ್ಟೀರಿಯಾಗೆ ತಮಿಳುನಾಡಿನ ಮಂಡಪಂ ಊರಿನ ಹೆಸರೇ ಇದೆ. ಮೀನು ತೀರಾ ತಾಜಾ ಇರಬೇಕು. ಬಾಗಿಲು ಮುಚ್ಚಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬಿಟ್ಟು, ಹೊಟ್ಟೆ ಸೀಳಿ ಗಂಟಲಿನ ಹತ್ತಿರ ನೋಡಿ. ಅದೃಷ್ಟವಿದ್ದರೆ ಮಂಕಾಗಿ ಕಾಣುತ್ತದೆ. ಹೊಟ್ಟೆ ಸೀಳುವುದನ್ನು ನಿಮ್ಮ ಮನೆಯವರಿಗೇ ಬಿಡಿ, ಅವರ ಕೈ ನಿಮಗಿಂತ ಪಳಗಿರುತ್ತದೆ.